ಎಳೆಯ ದಿಕ್ಕು, ಒಲೆಯ ಹದ

ಲೋಹವಾದರೆ ಕಾರ್ಖಾನೆಗೆ ತನ್ನ ಜಾತಕ ಹೊತ್ತೇ ಬರುತ್ತದೆ. ಎಷ್ಟು ಎಳೆದರೆ ಹಿಗ್ಗುತ್ತದೆ, ಎಷ್ಟಕ್ಕೆ ಹರಿಯುತ್ತದೆ ಎಂಬುದೆಲ್ಲ ಅಲ್ಯುಮಿನಿಯಂ ಹಾಳೆಯ ಜೊತೆ ಬರುವ ಪ್ರಮಾಣಪತ್ರದಲ್ಲೇ ಇರುತ್ತದೆ. ಕಾರ್ಬನ್ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡುವ ಕಾರ್ಬನ್ ಕಾಂಪೊಸಿಟ್ ಹಾಗಲ್ಲ. ಅಲ್ಲಿ ವಸ್ತು, ಬಿಡಿಭಾಗ ಎರಡೂ ಒಟ್ಟಿಗೇ ಹುಟ್ಟುತ್ತವೆ. ಪದರ ಹಾಸುವವರ ಕೈ ತಪ್ಪಿದರೆ ವಸ್ತುವೇ ಕೆಟ್ಟಂತೆ.

ಈ ವಿದ್ಯೆಯನ್ನು ನಮ್ಮಲ್ಲಿ ಬೆಳೆಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್ ಮುಖ್ಯವಾದದ್ದು. 1959ರಲ್ಲಿ ದೆಹಲಿಯಲ್ಲಿ ಶುರುವಾಗಿ ಮರುವರ್ಷವೇ ಇಲ್ಲಿಗೆ ಬಂತು. 1993ರಲ್ಲಿ ಮೊದಲು ಹಾರಿದ ಇದರ ‘ಹಂಸ’ ತರಬೇತಿ ವಿಮಾನ ಕಾಂಪೊಸಿಟ್‌ನಿಂದಲೇ ಕಟ್ಟಿದ್ದು. 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲು ಏರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಕಾಂಪೊಸಿಟ್‌ಗಳದು ಸುಮಾರು ಶೇ 45ರಷ್ಟು ಪಾಲು. ಅದರ ಬಾಲದ ನೆಟ್ಟನೆಯ ರೆಕ್ಕೆಯಂಥ ಭಾಗಗಳನ್ನು ತಯಾರಿಸುವ ವಿಧಾನ ರೂಪುಗೊಂಡಿದ್ದು ಎನ್‌ಎಎಲ್‌ನಲ್ಲೇ.

ತೂಕದ ಲೆಕ್ಕದಲ್ಲಿ ಕಾರ್ಬನ್ ಕಾಂಪೊಸಿಟ್ ಗೆದ್ದ ಹಾಗೆಯೇ. ಒಂದು ಘನ ಸೆಂಟಿಮೀಟರ್‌ಗೆ ಸುಮಾರು 1.6 ಗ್ರಾಂ, ಅಲ್ಯುಮಿನಿಯಂ 2.7, ಟೈಟಾನಿಯಂ 4.5. ಹಾಗೆಂದು ಎಲ್ಲ ಕಡೆ ಅದನ್ನೇ ಬಳಸಲಾಗದು. ವಿಮಾನದ ಮೂತಿಯೊಳಗೆ ರಾಡಾರ್ ಇರುತ್ತದೆ. ಕಾರ್ಬನ್ ರೇಡಿಯೊ ತರಂಗಗಳಿಗೆ ಅಡ್ಡ. ಆದ್ದರಿಂದ ಅಲ್ಲಿಗೆ ಗಾಜಿನಂಥ ಬೇರೆ ಎಳೆ ಬೇಕು. ಎಂಜಿನ್ನಿನ ಕಾವು ತಟ್ಟುವಲ್ಲಿ ಎಪಾಕ್ಸಿ ಅಂಟು ನಿಲ್ಲದು, ಲೋಹವೇ ಗತಿ. ಕಾರ್ಬನ್ನಿಗೆ ಅಲ್ಯುಮಿನಿಯಂ ನೇರ ತಾಗಿದರೆ ತೇವ ಬಿದ್ದಾಗ ಅಲ್ಯುಮಿನಿಯಂಗೆ ತುಕ್ಕು ಹಿಡಿಯುತ್ತದೆ. ನಡುವೆ ಗಾಜಿನೆಳೆಯ ಪದರವಿಟ್ಟು, ಟೈಟಾನಿಯಂ ಬೋಲ್ಟ್ ಹಾಕಬೇಕು. ಯಾವುದು ಶ್ರೇಷ್ಠ ಎಂದು ಕೇಳುವ ಎಂಜಿನಿಯರ್‌ಗೆ ಇಲ್ಲಿ ಉತ್ತರ ಸಿಗದು. ಎಲ್ಲಿಗೆ, ಯಾವುದರ ಪಕ್ಕಕ್ಕೆ ಎಂದು ಕೇಳಬೇಕು.

ಕೆಲಸ ಶುರುವಾಗುವುದು ಫ್ರೀಜರ್‌ನಿಂದ. ಅಂಟು ಸವರಿದ ಕಾರ್ಬನ್ ಹಾಳೆ, ಈ ಕೆಲಸ ಮಾಡುವವರ ಬಾಯಲ್ಲಿ ‘ಪ್ರಿಪ್ರೆಗ್’, ಮೈನಸ್ 18 ಡಿಗ್ರಿಯಲ್ಲಿ ಮಲಗಿರುತ್ತದೆ. ಹೊರತೆಗೆದ ಗಳಿಗೆಯಿಂದ ಅದರ ಆಯುಷ್ಯದ ಲೆಕ್ಕ ಬರೆದಿಡಬೇಕು. ಅವಧಿ ಮೀರಿದ ಸುರುಳಿ ನೋಡಲು ಚೆನ್ನಾಗಿದ್ದರೂ ಬಳಕೆಗೆ ಬಾರದು. ತಣ್ಣಗಿರುವಾಗಲೇ ಕಟ್ಟು ಬಿಚ್ಚಿದರೆ ಗಾಳಿಯ ತೇವ ಹಾಳೆಯ ಮೇಲೆ ಕೂರುತ್ತದೆ, ಬೇಯುವಾಗ ಆವಿಯಾಗಿ ಒಳಗೆ ಗುಳ್ಳೆ ಬಿಡುತ್ತದೆ. ಹೀಗಾಗಿ ಕೋಣೆಯ ಉಷ್ಣತೆಗೆ ಬರುವ ತನಕ ಕಾಯಲೇಬೇಕು.

ದೂಳಿಲ್ಲದ ಕೋಣೆಯಲ್ಲಿ, ಕೈಗವಸು ತೊಟ್ಟವರು ಹಿಂಬದಿಯ ಕಾಗದ ಸುಲಿದು ಹಾಳೆಗಳನ್ನು ಅಚ್ಚಿನ ಮೇಲೆ ಹಾಸುತ್ತಾರೆ. ಒಂದೊಂದು ಎಳೆ ಏಳೇ ಮೈಕ್ರಾನ್‌ನಷ್ಟು ದಪ್ಪ, ತಲೆಗೂದಲಿನ ಹತ್ತರಲ್ಲೊಂದು ಪಾಲು. ಎಳೆಯುದ್ದಕ್ಕೆ ಬಲ ಅಪಾರ, ಅಡ್ಡಕ್ಕೆ ತೀರಾ ಕಡಿಮೆ. ಅದಕ್ಕೇ ಒಂದು ಪದರ ನೇರಕ್ಕೆ, ಮುಂದಿನದು 45 ಡಿಗ್ರಿ ಓರೆಗೆ, ಇನ್ನೊಂದು ಅಡ್ಡಕ್ಕೆ. ಎಲ್ಲಿ ಎಷ್ಟು ಪದರ, ಯಾವ ದಿಕ್ಕು ಎಂಬುದು ನಕ್ಷೆಯಲ್ಲಿ ಮೊದಲೇ ಗೊತ್ತಾಗಿರುತ್ತದೆ. ನಡುವೆ ಸುಲಿಯದ ಕಾಗದದ ಚೂರೊಂದು ಉಳಿದರೆ ಮುಗಿಯಿತು, ಅಲ್ಲಿ ಪದರ ಕೂಡುವುದಿಲ್ಲ.

ಹಾಸಿದ್ದನ್ನು ಚೀಲದಲ್ಲಿ ಮುಚ್ಚಿ ಗಾಳಿ ಹೀರಿ ಆಟೋಕ್ಲೇವ್ ಎಂಬ ದೈತ್ಯ ಒತ್ತಡದ ಒಲೆಗೆ ತಳ್ಳುತ್ತಾರೆ. ಸಾಮಾನ್ಯವಾಗಿ 180 ಡಿಗ್ರಿ ಕಾವು, ಹೊರಗಿನ ಗಾಳಿಯ ಆರೇಳು ಪಟ್ಟು ಒತ್ತಡ. ಕಾವು ನಿಧಾನಕ್ಕೆ ಏರಬೇಕು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಹೊರಹಾಕುತ್ತದೆ, ಅವಸರ ಮಾಡಿದರೆ ದಪ್ಪ ಭಾಗ ಒಳಗೇ ಸುಡುತ್ತದೆ. ಲೋಹವಾದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಇದು ಬೆಂದ ಇಡ್ಲಿ, ಮತ್ತೆ ಹಿಟ್ಟಾಗದು.

ಹೊದಿಕೆ, ಒಳಗಿನ ಪಕ್ಕೆಲುಬು ಎಲ್ಲವನ್ನೂ ಒಟ್ಟಿಗೇ ಬೇಯಿಸುವ ‘ಕೋ-ಕ್ಯೂರಿಂಗ್’ನಲ್ಲಿ ಎನ್‌ಎಎಲ್ ಪಳಗಿದೆ. ಬೋಲ್ಟು, ರಿವೆಟ್ಟು, ಜೋಡಣೆಯ ಖರ್ಚು ಎಲ್ಲ ಇಳಿಯುತ್ತದೆ. ಆದರೆ ಒಂದು ತಪ್ಪಾದರೆ ಇಡೀ ಭಾಗ ಗುಜರಿ. ಕೊನೆಗೆ ಅಲ್ಟ್ರಾಸೌಂಡ್ ಪರೀಕ್ಷೆ, ಕಣ್ಣಿಗೆ ಕಾಣದ ಬಿರುಕಿಗೆ. ಯುದ್ಧವಿಮಾನದ ವೇಗ, ಕ್ಷಿಪಣಿಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಫ್ರೀಜರ್‌ನ ದಾಖಲೆ ಪುಸ್ತಕಕ್ಕೆ ಒಂದು ಸಾಲೂ ಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಲೋಹಕ್ಕೂ ಕಾಂಪೊಸಿಟ್‌ಗೂ ಇರುವ ವ್ಯತ್ಯಾಸ ಕಣ್ಣಾರೆ ಕಾಣಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಾರುತ್ ಜೆಟ್ಟಿನ ಲೋಹದ ಮೈಯನ್ನು ಹತ್ತಿರದಿಂದ ನೋಡಿ. ಆಮೇಲೆ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದಲ್ಲಿ ತೇಜಸ್ ನಿಂತಿದ್ದರೆ ಅದರ ಬಾಲದ ರೆಕ್ಕೆ ನೋಡಲು ಮರೆಯಬೇಡಿ.