ಮಣ್ಣುಗಟ್ಟಿಯೊಳಗೆ ಮಲಗಿದ್ದ ಮಗು

ಕೆನ್ಯಾದ ಕರಾವಳಿಗೆ ಹತ್ತಿರ ಪಾಂಗಾ ಯಾ ಸೈದಿ ಎಂಬ ಗುಹೆಯಿದೆ. 2013ರಲ್ಲಿ ಅಲ್ಲಿ ಅಗೆಯುತ್ತಿದ್ದವರಿಗೆ ಮೂಳೆಯ ಒಂದಷ್ಟು ಚೂರುಗಳು ಕಂಡವು. 2017ರ ಹೊತ್ತಿಗೆ, ಈಗಿನ ನೆಲಮಟ್ಟದಿಂದ ಸುಮಾರು 3 ಮೀಟರ್ ಆಳದಲ್ಲಿ, ಪುಟ್ಟ ಗುಂಡಿಯೊಂದು ಪೂರ್ತಿ ತೆರೆದುಕೊಂಡಿತು. ಒಳಗಿದ್ದ ಮೂಳೆಗಳು ಮುಟ್ಟಿದರೆ ಪುಡಿಯಾಗುವಷ್ಟು ಶಿಥಿಲವಾಗಿದ್ದವು. ಹಾಗಾಗಿ ಗುಂಡಿಯನ್ನು ಸುತ್ತಲಿನ ಮಣ್ಣಿನ ಸಮೇತ ಪ್ಲಾಸ್ಟರ್‌ನಲ್ಲಿ ಭದ್ರಪಡಿಸಿ ಎತ್ತಿದರು. ಮಣ್ಣುಗಟ್ಟಿ ನೈರೋಬಿಯ ಮ್ಯೂಸಿಯಂಗೆ, ಅಲ್ಲಿಂದ ಸ್ಪೇನ್ ದೇಶದ ಬುರ್ಗೋಸ್‌ನಲ್ಲಿರುವ ಮಾನವ ವಿಕಾಸ ಸಂಶೋಧನಾ ಕೇಂದ್ರಕ್ಕೆ ಹೋಯಿತು.

ಮೂಳೆಗಳು ಮನುಷ್ಯರವು ಎಂಬ ಸುಳಿವು ಕೊಟ್ಟಿದ್ದು ಗಟ್ಟಿಯ ಮೇಲ್ಭಾಗದಲ್ಲಿ ಕಂಡ ಎರಡು ಹಲ್ಲುಗಳು. ಮರಿಯಾ ಮಾರ್ಟಿನೋನ್-ಟೋರೆಸ್ ನೇತೃತ್ವದ ತಂಡ ಕೆಲವು ಭಾಗಗಳನ್ನು ತಿಂಗಳುಗಟ್ಟಲೆ ಕೂತು ಕೈಯಿಂದಲೇ ಬಿಡಿಸಿತು. ಕೈ ಹಾಕಲಾಗದ ಕಡೆ ಮೈಕ್ರೋ ಸಿಟಿ ನೆರವಿಗೆ ಬಂತು. ತತ್ವ ಆಸ್ಪತ್ರೆಯ ಸಿಟಿ ಸ್ಕ್ಯಾನಿನದ್ದೇ, ಆದರೆ ಚಿತ್ರ ಬಹಳ ಸೂಕ್ಷ್ಮ. ಎಕ್ಸ್-ರೇಯಲ್ಲಿ ಎಲ್ಲ ಕೋನಗಳಿಂದ ತೆಗೆದ ಚಿತ್ರಗಳಿಂದ ಕಂಪ್ಯೂಟರ್ ಒಳಭಾಗದ ತೆಳು ಪದರಗಳನ್ನು ಲೆಕ್ಕ ಹಾಕಿ, ಒಂದರ ಮೇಲೊಂದು ಜೋಡಿಸುತ್ತದೆ. ಸಾಂದ್ರತೆ ಹೆಚ್ಚಿದ್ದಲ್ಲಿ ಚಿತ್ರ ಬೆಳ್ಳಗೆ, ಕಡಿಮೆಯಿದ್ದಲ್ಲಿ ಕಪ್ಪಗೆ. ಕೊಳೆತ ಮೂಳೆಗೂ ಮಣ್ಣಿಗೂ ಅಂಥ ವ್ಯತ್ಯಾಸ ಉಳಿದಿರುವುದಿಲ್ಲ, ಇಂಥ ಕೆಲಸದ ನಿಜವಾದ ಕಷ್ಟ ಅದೇ. ಯಂತ್ರ ಗುರುತಿಸಲಾಗದ ಅಂಚನ್ನು ಅಂಗರಚನೆ ಬಲ್ಲವರು ಪದರ ಪದರವಾಗಿ ನೋಡಿ ನಿರ್ಧರಿಸಬೇಕು.

ಪರದೆಯ ಮೇಲೆ ಮೂಡಿದ್ದು ಎರಡೂವರೆಯಿಂದ ಮೂರು ವರ್ಷದ ಮಗು. ಬಲ ಮಗ್ಗುಲಿಗೆ ಮಲಗಿದೆ, ಮಂಡಿಗಳು ಎದೆಯತ್ತ ಮಡಿಚಿವೆ. ಬೆನ್ನೆಲುಬಿನ ಮೂಳೆಗಳು ಸಾಲುತಪ್ಪಿಲ್ಲ. ಅಂದರೆ ದೇಹ ಕೊಳೆತದ್ದು ಅಲ್ಲೇ, ಮಣ್ಣು ಮುಚ್ಚಿದ ಮೇಲೆ. ಕೊರಳೆಲುಬು ಮತ್ತು ಮೇಲಿನ ಪಕ್ಕೆಲುಬುಗಳು ತಿರುಗಿಕೊಂಡ ರೀತಿ ನೋಡಿದರೆ, ಮೈಯ ಮೇಲ್ಭಾಗವನ್ನು ಯಾವುದರಲ್ಲೋ ಬಿಗಿಯಾಗಿ ಸುತ್ತಿದ್ದಿರಬೇಕು. ತಲೆ ವಾಲಿರುವುದಕ್ಕೂ ಸಂಶೋಧಕರು ಕಾರಣ ಹುಡುಕಿದ್ದಾರೆ: ತಲೆಯ ಕೆಳಗೆ ದಿಂಬಿನಂಥದ್ದೇನೋ ಇದ್ದು, ಅದು ಕೊಳೆತು ಜಾಗ ಖಾಲಿಯಾದಾಗ ತಲೆ ಕುಸಿದಿರಬಹುದು. ಬಟ್ಟೆಯೋ ತೊಗಲೋ ಎಲೆಯೋ, ಸುತ್ತಿದ್ದು ಉಳಿದಿಲ್ಲ. ಉಳಿದಿರುವುದು ಮೂಳೆಗಳ ಕೋನ ಮಾತ್ರ.

ಮೂರು ಆಯಾಮದ ಈ ವಿಧಾನವನ್ನು ನಾನು ಬರೀ ಅನುಕೂಲ ಎನ್ನದಿರುವುದು ಇದಕ್ಕಾಗಿಯೇ. ಮೂಳೆಯನ್ನು ಬಿಡಿಸಿ, ತೊಳೆದು, ನಂಬರ್ ಹಾಕಿ ಪೆಟ್ಟಿಗೆಗೆ ಸೇರಿಸಿದರೆ ಮೂಳೆ ಸಿಗುತ್ತದೆ, ವಾಲಿದ ತಲೆ ಸಿಗುವುದಿಲ್ಲ. ಅಗೆತ ಒಮ್ಮೆ ನಡೆದರೆ ನಡೆಯಿತು, ಇನ್ನೊಮ್ಮೆ ಅಗೆಯಲು ಆ ಜಾಗವೇ ಇರುವುದಿಲ್ಲ. ಸ್ಕ್ಯಾನ್ ಕಡತವನ್ನಾದರೆ ಬೇರೊಬ್ಬರು ಮತ್ತೆ ಮೊದಲಿನಿಂದ ಬಿಡಿಸಿ, ಈ ದಿಂಬಿನ ಊಹೆಯನ್ನೇ ಪ್ರಶ್ನಿಸಬಹುದು.

2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ ಈ ಸಮಾಧಿಗೆ ಸುಮಾರು 78,000 ವರ್ಷ. ಇಸ್ರೇಲಿನ ಕಫ್ಜೆಹ್, ಸ್ಖುಲ್ ಗುಹೆಗಳಲ್ಲಿ ಇದಕ್ಕಿಂತ ಹಳೆಯ ಸಮಾಧಿಗಳಿವೆ. ಆದರೆ ನಮ್ಮ ಪ್ರಭೇದ ಹುಟ್ಟಿದ ಆಫ್ರಿಕಾದಲ್ಲಿ, ಹೋಮೋ ಸೇಪಿಯನ್ಸ್ ತಮ್ಮವರನ್ನು ಹೂತ ಕುರುಹುಗಳಲ್ಲಿ ಆ ವರದಿಯ ಹೊತ್ತಿಗೆ ಇದೇ ಅತ್ಯಂತ ಹಳೆಯದು. ಗುಂಡಿ ತೋಡಿದ್ದು ಅವರು ವಾಸವಿದ್ದ ಗುಹೆಯೊಳಗೇ. ಸಂಶೋಧಕರು ಮಗುವಿಗೆ ಮ್ಟೋಟೊ ಎಂದು ಸ್ವಾಹಿಲಿ ಹೆಸರಿಟ್ಟಿದ್ದಾರೆ.