ಹಣ್ಣಿನ ನೊಣದ ಗುಟ್ಟಿನ ಗೆಳೆಯರು

ಮಕ್ಕಳೇ, ಆಸೆಯಿಂದ ಮಾವಿನಹಣ್ಣು ಕೊಯ್ದರೆ ಒಳಗೆ ಬಿಳಿ ಹುಳುಗಳು! ಹೊರಗಿನಿಂದ ನೋಡಿದರೆ ದೊಡ್ಡ ತೂತೇ ಕಾಣಲ್ಲ. "ಹುಳ ಒಳಗೆ ಹೋಗಿದ್ದು ಹೇಗೆ ಟೀಚರ್?" ಅಂತ ನೀವು ಕೇಳ್ತೀರಿ.

ಇದು ಹಣ್ಣಿನ ನೊಣದ ಕೆಲಸ. ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ನೊಣ ಬೇರೆ, ಇದು ಬೇರೆ. ಇದು ಹೆಚ್ಚುಕಡಿಮೆ ಮನೆನೊಣದಷ್ಟಿದ್ದು, ನೋಡಲು ಕಣಜದ ಹಾಗಿರುತ್ತದೆ. ಹೆಣ್ಣು ನೊಣ ಸೂಜಿಯಂಥ ಅಂಗದಿಂದ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮಾವು, ಪೇರಲ, ಹಾಗಲ ಯಾವುದನ್ನೂ ಈ ನೊಣಗಳು ಬಿಡುವುದಿಲ್ಲ.

ಈಗ ಒಂದು ಪ್ರಶ್ನೆ. ಹಣ್ಣಿನ ತಿರುಳಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ಪ್ರೋಟೀನು ಬಹಳ ಕಡಿಮೆ. ಹಾಗಾದರೆ ಹುಳ ಬೆಳೆಯುವುದು ಹೇಗೆ? ಅದರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳಿವೆ. ಅಲಸಂದೆ ಗಿಡದ ಬೇರಿನ ಗಂಟುಗಳನ್ನು ನೆನಪಿಸಿಕೊಳ್ಳಿ. ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ ಅಲ್ಲವೇ? ಮೆಡಿಟರೇನಿಯನ್ ಹಣ್ಣಿನ ನೊಣದ ಕರುಳಿನಲ್ಲಿಯೂ ಇದೇ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಸಿಕ್ಕಿವೆ. ನೊಣ ಇರಲು ಜಾಗ ಕೊಡುತ್ತದೆ, ಬ್ಯಾಕ್ಟೀರಿಯಾ ಪೋಷಣೆಗೆ ನೆರವಾಗುತ್ತದೆ. ಇದೇ ಸಹಜೀವನ.

ಆಲಿವ್ ಹಣ್ಣಿನ ನೊಣದ ಕಥೆ ಇನ್ನೂ ಸೋಜಿಗದ್ದು. ಅದರ ತಲೆಯೊಳಗೆ ಅನ್ನನಾಳಕ್ಕೆ ಅಂಟಿಕೊಂಡು ಒಂದು ಪುಟ್ಟ ಚೀಲವಿದೆ. ಆ ಚೀಲದ ತುಂಬ ಬ್ಯಾಕ್ಟೀರಿಯಾ! ಇಟಲಿಯ ವಿಜ್ಞಾನಿ ಪೆಟ್ರಿ 1909ರಲ್ಲಿಯೇ ಇದನ್ನು ವಿವರಿಸಿದ್ದರು. ತಾಯಿ ನೊಣ ಮೊಟ್ಟೆ ಇಡುವಾಗ ಈ ಬ್ಯಾಕ್ಟೀರಿಯಾವನ್ನು ಮೊಟ್ಟೆಗೆ ಸವರಿಯೇ ಇಡುತ್ತದೆ. ಹೀಗೆ ಮಗುವಿಗೆ ತಾಯಿಯ ಬುತ್ತಿ ಸಿಕ್ಕಿತು. ಹಸಿರು ಆಲಿವ್ ಕಾಯಿಯಲ್ಲಿ ಒಲಿಯುರೋಪೀನ್ ಎಂಬ ಕಹಿ ರಾಸಾಯನಿಕ ಇರುತ್ತದೆ. ಬ್ಯಾಕ್ಟೀರಿಯಾ ಇರುವ ಹುಳ ಅಂಥ ಕಾಯಲ್ಲೂ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಇಲ್ಲದ ಹುಳ ಮಾಗಿದ ಕಪ್ಪು ಹಣ್ಣಲ್ಲಿ ಬದುಕೀತು, ಹಸಿರು ಕಾಯಲ್ಲಿ ಮಾತ್ರ ಬೆಳೆಯದು.

ಇದನ್ನು ತಿಳಿದು ರೈತರಿಗೇನು ಲಾಭ? ಕೆಲವು ದೇಶಗಳಲ್ಲಿ ಗಂಡು ನೊಣಗಳನ್ನು ಸಾಕಿ, ವಿಕಿರಣದಿಂದ ಬಂಜೆ ಮಾಡಿ ತೋಟಗಳಿಗೆ ಬಿಡುತ್ತಾರೆ. ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ, ವಿಷ ಸಿಂಪಡಿಸದೆಯೇ ನೊಣ ಕಡಿಮೆಯಾಗುತ್ತದೆ. ಆದರೆ ವಿಕಿರಣ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಏರುಪೇರು ಮಾಡುತ್ತದೆ. ಅಂಥ ಗಂಡುಗಳು ಕಾಡಿನ ಗಂಡುಗಳ ಎದುರು ಸೋಲುತ್ತವೆ. ಇಸ್ರೇಲಿನ ಸಂಶೋಧಕರು ಆಹಾರದ ಜೊತೆ ಬ್ಯಾಕ್ಟೀರಿಯಾವನ್ನು ತಿನ್ನಿಸಿದಾಗ ಅವು ಚೇತರಿಸಿಕೊಂಡವು. ನೊಣದ ಗೆಳೆಯನನ್ನೇ ನಮ್ಮ ಕಡೆ ಮಾಡಿಕೊಂಡ ಹಾಗಾಯ್ತು!

ನೀವೂ ನೋಡಿ: ಹುಳ ಬಿದ್ದ ಹಣ್ಣನ್ನು ಬಾಟಲಿಯಲ್ಲಿ ಮರಳಿನ ಮೇಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ. ಹುಳಗಳು ಮರಳಿಗಿಳಿದು ಭತ್ತದ ಕಾಳಿನಂಥ ಕಂದು ಕೋಶಗಳಾಗುತ್ತವೆ. ಮುಂದೆ ಅವುಗಳಿಂದ ನೊಣ ಹೊರಬರುತ್ತದೆ. ತೋಟದಲ್ಲಿ ಉದುರಿದ ಹಣ್ಣಿನ ಕೆಳಗಿನ ಮಣ್ಣಲ್ಲೂ ಇದೇ ನಡೆಯುತ್ತಿರುತ್ತದೆ. ಅದಕ್ಕೇ ಉದುರಿದ ಹಣ್ಣನ್ನು ಅಲ್ಲೇ ಬಿಡಬೇಡಿ ಅಂತ ಮನೆಯಲ್ಲಿ ಹೇಳಿ. ಆರಿಸಿ ಆಳವಾಗಿ ಹೂಳಲಿ. ಬಾಟಲಿಯ ನೊಣಗಳನ್ನೂ ಹೊರಗೆ ಬಿಡಬೇಡಿ, ಆಯ್ತಾ?