ರೇಷನ್ ಅಂಗಡಿಗೆ ಜೋಳ ಬೇಕು ಅಂತ ನಾವು ಪ್ರಬಂಧ ಬರೆದದ್ದು ಹೇಗೆ

'ಆಹಾರ ಸಮಸ್ಯೆ' ಮೇಲೆ ಒಂದು ಪ್ರಬಂಧ ಬರೀರಿ, ಓದಿದವರು ನಿಮ್ಮ ಮಾತು ಒಪ್ಪಬೇಕು ಅಂತ ಅಸೈನ್‌ಮೆಂಟ್ ಬಂದಾಗ ನಮ್ಮ ನಾಲ್ಕು ಜನರ ಟೀಮ್ ಮೊದಲ ರಾತ್ರಿ ಬರೆದದ್ದು ಒಂದೇ ಸಾಲು: 'ಜಗತ್ತಿನಲ್ಲಿ ಹಸಿವು ಬಹಳ ದೊಡ್ಡ ಸಮಸ್ಯೆ.' ಬರೆದು ಒಬ್ಬರ ಮುಖ ಒಬ್ಬರು ನೋಡಿದೆವು. ಇದಕ್ಕೆ ಇಲ್ಲ ಅನ್ನೋರು ಯಾರಿದ್ದಾರೆ? ಯಾರೂ ಇಲ್ಲ ಅನ್ನದ ಮಾತನ್ನು ವಾದ ಮಾಡಿ ಒಪ್ಪಿಸೋದು ಏನಿದೆ?

ಈ ಸೆಮಿಸ್ಟರ್ ನಿಮಗೂ ಇದೇ ಅಸೈನ್‌ಮೆಂಟ್ ಬರಬಹುದು. ಅದಕ್ಕೆ ನಾವು ಎಲ್ಲಿ ಎಡವಿದೆವು ಅಂತ ಬರೆದಿಡುತ್ತಿದ್ದೇವೆ.

ನಾವು ನಾಲ್ವರು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಕಡೆಯವರು. ಮೂವರು ರಜೆಗೆ ವಾಡಿ ಜಂಕ್ಷನ್ ಮೇಲೆ ಹೋಗುತ್ತೇವೆ, ಚಿಂಚೋಳಿಯವನಿಗೆ ಬಸ್ಸೇ ಗತಿ. ನಾಲ್ಕೂ ಮನೆಯಲ್ಲಿ ತಿನ್ನೋದು ಜೋಳದ ರೊಟ್ಟಿ, ರೇಷನ್ ಕಾರ್ಡಿಗೆ ಬರೋದು ಹೆಚ್ಚಾಗಿ ಅಕ್ಕಿ. ಅಲ್ಲಿಂದ ಪ್ರಶ್ನೆ ಸಿಕ್ಕಿತು: ನಮ್ಮ ತಾಲೂಕುಗಳ ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಜೋಳ ಕೊಡಬೇಕೇ? ಇದಕ್ಕೆ 'ಬೇಡ' ಅನ್ನುವವರೂ ಇದ್ದಾರೆ, ತೀರ್ಮಾನ ಮಾಡುವ ಸರ್ಕಾರವೂ ಇದೆ, ಲೆಕ್ಕವೂ ಸಿಗುತ್ತದೆ. ಪ್ರಶ್ನೆ ಇಷ್ಟು ಸಣ್ಣದಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾನೂನು ನಮ್ಮ ಕಡೆ ಇತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಅನ್ನುತ್ತದೆ. ಅಕ್ಕಿಯೇ ಆಗಬೇಕು ಅಂತಿಲ್ಲ, ಅಕ್ಕಿ, ಗೋಧಿ, ಒರಟು ಧಾನ್ಯ ಮೂರರ ಹೆಸರೂ ಇದೆ. ಜೋಳ ಆ ಮೂರನೆಯದರಲ್ಲಿ ಬರುತ್ತದೆ. ಕರ್ನಾಟಕದಲ್ಲಿ ಅನ್ನಭಾಗ್ಯ ಶುರುವಾದದ್ದೂ 2013ರ ಜುಲೈನಲ್ಲೇ; ನಡುನಡುವೆ ನಮ್ಮ ಕಡೆ ಜೋಳ ಕೊಟ್ಟದ್ದೂ ಉಂಟು.

ಪೋಷಕಾಂಶದ ಲೆಕ್ಕವೂ ನಮ್ಮ ಕಡೆಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ಜೋಳಕ್ಕೆ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಗೆ 3 ಗ್ರಾಂ ಒಳಗೆ. ಕಬ್ಬಿಣ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಇನ್ನೊಂದು ಕಡೆ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ 65.5% ಮಂದಿಗೆ ರಕ್ತಹೀನತೆ. ಎರಡನ್ನೂ ಜೋಡಿಸಿ 'ಅಕ್ಕಿಯಿಂದಲೇ ರಕ್ತಹೀನತೆ' ಅಂತ ಬರೆದುಬಿಟ್ಟೆವು. ಎಷ್ಟು ಜೋರಾದ ಸಾಲು ಅನಿಸಿತ್ತು! ಆಮೇಲೆ ಗೊತ್ತಾಯಿತು, ಜೋಳದಲ್ಲಿ ಫೈಟೇಟ್ ಅನ್ನುವ ಅಂಶ ಇರುತ್ತದೆ, ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಪೂರ್ತಿ ಹತ್ತಲು ಬಿಡುವುದಿಲ್ಲ. ಮೇಲಾಗಿ ರಕ್ತಹೀನತೆಗೆ ಹತ್ತು ಕಾರಣ. ಸಾಲು ಹೊಡೆದು ಹಾಕಿದೆವು. ಬೇಜಾರಾಯಿತು, ಸುಳ್ಳು ಹೇಳೋದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪು. 'ಜೋಳ ಕೊಟ್ಟರೆ ಖರ್ಚು ಜಾಸ್ತಿ' ಅನ್ನೋದು ಎದುರಿನವರ ವಾದ. 2025-26ರ ಬೆಂಬಲ ಬೆಲೆ ನೋಡಿದರೆ ಸಾಮಾನ್ಯ ಭತ್ತ ಕ್ವಿಂಟಲಿಗೆ ₹2369, ಮಾಲ್ದಂಡಿ ಜೋಳ ₹3749. ಅಂತರ ₹1380. ನಾವು ಸೋತೆವು ಅಂದುಕೊಂಡೆವು. ಒಂದು ದಿನ ಬಿಟ್ಟು ಚಿತ್ತಾಪುರದವಳು ಕೇಳಿದಳು, "ಭತ್ತ ಯಾರು ತಿಂತಾರೆ?" ಸರಿ ಅಲ್ವಾ? ಸರ್ಕಾರಿ ಲೆಕ್ಕದಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ 67 ಕಿಲೋ ಅಕ್ಕಿ. 2369ನ್ನು 0.67ರಿಂದ ಭಾಗಿಸಿದರೆ ಕ್ವಿಂಟಲ್ ಅಕ್ಕಿಗೆ ಸುಮಾರು ₹3536 ಬೀಳುತ್ತದೆ, ಮಿಲ್ಲಿನ ಕೂಲಿ ಬೇರೆ. ಅಂತರ 1380ರಿಂದ ಸುಮಾರು 213ಕ್ಕೆ ಇಳಿಯಿತು. ಲ್ಯಾಬಿನಲ್ಲಿ ಯೂನಿಟ್ ತಪ್ಪಿದರೆ ಮಾರ್ಕ್ಸ್ ಕಟ್, ಇಲ್ಲಿ ವಾದವೇ ಕಟ್.

ಗೂಗಲ್ ಬಿಟ್ಟು ಊರಿಗೆ ಹೋಗಿ ಕೇಳಿದ್ದು ಆಮೇಲೆ. ಅದನ್ನೇ ಮೊದಲು ಮಾಡಬೇಕಿತ್ತು. ನಾವೆಲ್ಲ ಇಂಗ್ಲಿಷ್ ಮೀಡಿಯಂ; 'ಸೋರ್ಗಮ್' ಅಂತ ಹುಡುಕಿ ಜೋಳ ಒಂದೇ ಅಂದುಕೊಂಡಿದ್ದೆವು. ಸೇಡಂ ಕಡೆಯ ಒಬ್ಬ ಕಾಕಾ ನಕ್ಕುಬಿಟ್ಟರು. ಮುಂಗಾರಿ ಹೈಬ್ರಿಡ್ ಜೋಳ ಬೇರೆ, ಹಿಂಗಾರಿ ಬಿಳಿಜೋಳ ಬೇರೆ, ರೊಟ್ಟಿಗೆ ಜನ ಕೇಳೋದು ಬಿಳಿಜೋಳ. ಬೆಂಬಲ ಬೆಲೆಯಲ್ಲಿ ಎರಡಕ್ಕೂ ಕ್ವಿಂಟಲಿಗೆ ಬರೇ 50 ರೂಪಾಯಿ ಫರಕು. ಪೇಟೆಯಲ್ಲಿ ಬಿಳಿಜೋಳಕ್ಕೆ ಅದಕ್ಕಿಂತ ಹೆಚ್ಚು ಸಿಕ್ಕರೆ ರೈತ ಖರೀದಿ ಕೇಂದ್ರಕ್ಕೆ ಯಾಕೆ ತರುತ್ತಾನೆ? ಇನ್ನೊಂದು ಮಾತೂ ಅವರೇ ಹೇಳಿದರು. ನಮ್ಮ ಕಡೆ ತೊಗರಿ ಜೂನ್-ಜುಲೈನಲ್ಲಿ ಬಿತ್ತಿದರೆ ಕೊಯ್ಯೋದು ಡಿಸೆಂಬರ್-ಜನವರಿಗೆ. ಹಿಂಗಾರಿ ಜೋಳ ಬಿತ್ತೋದು ಸೆಪ್ಟೆಂಬರ್-ಅಕ್ಟೋಬರ್. ಅಂದರೆ ತೊಗರಿ ನಿಂತ ಹೊಲದಲ್ಲಿ ಆ ವರ್ಷ ಜೋಳ ಇಲ್ಲ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ತೊಗರಿಯೇ ಜೋಳಕ್ಕೆ ಎದುರಾಳಿ ಅಂತ ನಮಗೆ ಯಾವ ವೆಬ್‌ಸೈಟೂ ಹೇಳಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಪ್ರತಿ ವರ್ಷ ಹೊಲಕ್ಕೆ ಹೋಗುತ್ತೇವೆ, ಭಜ್ಜಿ ರೊಟ್ಟಿ ತಿಂದು ಬರುತ್ತೇವೆ, ಹೊಲದಾಗ ನಿಂತದ್ದು ಏನು ಅಂತ ನೋಡಿರಲಿಲ್ಲ.

ಪ್ರಬಂಧ ಪೂರ್ತಿ ಬದಲಾದದ್ದು ಮಾತ್ರ ಶಹಾಬಾದಿನಲ್ಲಿ. ಗೆಳೆಯನ ಓಣಿಯ ಒಬ್ಬ ಅಕ್ಕ ಕೂಲಿಗೆ ಹೋಗುವವರು. ಮೊದಲ ಡ್ರಾಫ್ಟಿನಲ್ಲಿ 'ಇಂದಿನ ಜನ ಸೋಮಾರಿಗಳಾಗಿ ರೊಟ್ಟಿ ಮರೆತಿದ್ದಾರೆ' ಅಂತ ಒಂದು ಸಾಲಿತ್ತು. ಅವರು ಹೇಳಿದ್ದು ಹೀಗೆ:

"ಜ್ವಾಳ ಕೊಟ್ರ ಚಲೋನೇ ಅದ ತಮ್ಮಾ. ಆದ್ರ ಹಸನ ಮಾಡೋರ್ಯಾರು, ಗಿರಣಿಗಿ ಒಯ್ಯೋರ್ಯಾರು? ಎಂಟಕ್ಕ ಕೆಲಸಕ್ಕ ಹೋಗಬೇಕು. ಅಕ್ಕಿ ಕುಕ್ಕರಿಗಿ ಹಾಕಿದ್ರ ಆಯ್ತು. ಹದಿನೈದು ರೊಟ್ಟಿ ಯಾರು ಬಡೀಬೇಕು, ನೀ ಬಡೀತಿಯೇನು?"

ನಮ್ಮಲ್ಲಿ ಮೂವರಿಗೆ ರೊಟ್ಟಿ ಬಡಿಯಲು ಬರೋದಿಲ್ಲ. ನಾಲ್ಕನೆಯವಳಿಗೆ ಬರುತ್ತದೆ, ಆದರೆ ಹಾಸ್ಟೆಲ್‌ನಲ್ಲಿದ್ದಾಳೆ. ರೊಟ್ಟಿ ಒಳ್ಳೇದು ಅಂತ ಬರೆಯುವವರು ತಿನ್ನುವವರು, ಬಡಿಯುವವರಲ್ಲ. ಆ ಸಾಲು ಅವತ್ತೇ ಹೋಯಿತು. ವಾಡಿಯಲ್ಲಿ ಸಿಮೆಂಟ್ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಕೇಳಿದಾಗಲೂ ಹೆಚ್ಚು ಕಡಿಮೆ ಇದೇ ಉತ್ತರ ಬಂತು. ಚಿಂಚೋಳಿಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಮಾತ್ರ ಪೂರ್ತಿ ಉಲ್ಟಾ: "ಅನ್ನ ಉಂಡ್ರ ತಾಸಿಗಿ ಹಸಿವು, ನನಗ ಜ್ವಾಳನ ಬೇಕು."

ಇಬ್ಬರ ಮಾತೂ ಖರೆ. ಹಾಗಾಗಿ 'ಅಕ್ಕಿಯ ಬದಲು ಜೋಳ' ಅನ್ನೋ ವಾದ ಬಿಟ್ಟೆವು. ಕೊನೆಗೆ ನಿಂತದ್ದು ಇದು: 5 ಕಿಲೋದಲ್ಲಿ 2 ಕಿಲೋ ಜೋಳ ಬೇಕೋ ಬೇಡವೋ ಅಂತ ಕಾರ್ಡುದಾರರೇ ಆರಿಸಲಿ, ಕೊಡುವ ಜೋಳ ಹಿಂಗಾರಿ ಬಿಳಿಜೋಳವೇ ಇರಲಿ, ಸುಗ್ಗಿ ಮುಗಿದ ಕೂಡಲೇ ಫೆಬ್ರವರಿ-ಮಾರ್ಚ್‌ನಲ್ಲಿ ಇದೇ ಜಿಲ್ಲೆಯಲ್ಲಿ ಕೊಳ್ಳಲಿ. ಮೊದಲಿನಷ್ಟು ಜೋರಿಲ್ಲ. ಆದರೆ ಕ್ಲಾಸಿನಲ್ಲಿ ಯಾರು ಏನು ಕೇಳಿದರೂ ಉತ್ತರ ಇತ್ತು. ಎದುರಿನವರ ವಾದವನ್ನು ಕೊನೆಯ ಪ್ಯಾರಾಕ್ಕೆ ತಳ್ಳದೆ, ಖರ್ಚು, ತೊಗರಿ, ರೊಟ್ಟಿ ಬಡಿಯುವ ಕಷ್ಟ ಮೂರನ್ನೂ ಮೊದಲೇ ಹೇಳಿ ಆಮೇಲೆ ನಮ್ಮ ಮಾತು ಹೇಳಿದ್ದು ಕೆಲಸ ಮಾಡಿತು ಅನಿಸುತ್ತದೆ.

ಸಬ್ಮಿಟ್ ಮಾಡಿದ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದು ಶಹಾಬಾದಿನ ಅಕ್ಕನಿಗೆ ಓದಿ ಹೇಳಿದೆವು. ಪೂರ್ತಿ ಕೇಳಿ, "ಬೀಸಿದ ಹಿಟ್ಟೇ ಕೊಡ್ತಾರಂತ ಬರೀರಿ" ಅಂದರು. ಹಿಟ್ಟು ಹಳೇದಾದರೆ ಜಿಗಿ ಬಿಡುತ್ತದೆ, ರೊಟ್ಟಿ ಹರಿಯುತ್ತದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡೋ ಹಾಗಿಲ್ಲ. ರೇಷನ್ ಅಂಗಡಿ ಪಕ್ಕದಲ್ಲೇ ಒಂದು ಗಿರಣಿ ಇಟ್ಟರೆ ಕಿಲೋಗೆ ಎಷ್ಟು ಕರೆಂಟ್ ಖರ್ಚು ಬರುತ್ತದೆ ಅಂತ ಈಗ ಲೆಕ್ಕ ಹಾಕುತ್ತಿದ್ದೇವೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಯಾರಾದರೂ ಇದ್ದರೆ ಬನ್ನಿ.